ಸ್ಟೋರಿವೀವರ್: ಒತ್ತಕ್ಷರಕ್ಕೆ ಹೆದರುವ ಮಗುವಿಗೆ

ಎರಡನೇ ಕ್ಲಾಸಿನ ನನ್ನ ಮಗಳು ಕಾಗುಣಿತ ಗಡಗಡ ಹೇಳುತ್ತಾಳೆ. ಆದರೆ ಪುಟದಲ್ಲಿ ಒತ್ತಕ್ಷರ ಜಾಸ್ತಿ ಕಂಡರೆ ಸಾಕು, ತಕ್ಷಣ ಬಾಯಾರಿಕೆ ಆಗುತ್ತದೆ ಅವಳಿಗೆ! ಈಗ ನಾವು ಬಳಸುತ್ತಿರುವುದು ಸ್ಟೋರಿವೀವರ್. ಮಕ್ಕಳ ಪುಸ್ತಕ ಪ್ರಕಟಿಸುವ ಬೆಂಗಳೂರಿನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ಜಾಲತಾಣ ಇದು. ಪೂರ್ತಿ ಉಚಿತ.

ನನಗೆ ತುಂಬಾ ಹಿಡಿಸಿದ್ದು ಇದರ ನಾಲ್ಕು ಓದಿನ ಹಂತಗಳು. ಮೊದಲನೆಯದರಲ್ಲಿ ಪುಟಕ್ಕೆ ಒಂದೆರಡು ಸಾಲು, ಉಳಿದದ್ದೆಲ್ಲ ಚಿತ್ರ. ನಾಲ್ಕನೆಯದು ಸರಾಗವಾಗಿ ಓದುವವರಿಗೆ. ಕ್ಲಾಸು ನೋಡಿ ಹಂತ ಆರಿಸಬೇಡಿ, ಮಗು ಓದುವುದನ್ನು ಕೇಳಿ ಆರಿಸಿ. 'ಅಜ್ಜಿ', 'ಬೆಕ್ಕು' ನನ್ನ ಮಗಳಿಗೆ ಸಲೀಸು, ಅದೇ ಅಕ್ಷರಕ್ಕೆ ಅದರದೇ ಒತ್ತು. 'ರಸ್ತೆ', 'ಚಂದ್ರ' ಬಂದರೆ ತಡವರಿಸುತ್ತಾಳೆ. ಚಿತ್ರ ನೋಡಿ ಊಹಿಸುತ್ತಾಳೆ. ಊಹಿಸಲಿ ಬಿಡಿ, ಆಮೇಲೆ ಅಕ್ಷರದ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿಸಿದರಾಯ್ತು.

ಇಲ್ಲಿ ಯಾರು ಬೇಕಾದರೂ ಕಥೆ ಬರೆಯಬಹುದು, ಅನುವಾದಿಸಬಹುದು. ಹಾಗಾಗಿ ಎಲ್ಲ ಕಥೆಗಳ ಕನ್ನಡ ಒಂದೇ ಹದದಲ್ಲಿ ಇರುವುದಿಲ್ಲ. ಮೊದಲು ನೀವೇ ಓದಿ ನೋಡಿ.

ಇನ್ನು ಫೋನ್. ಅದನ್ನು ಮಕ್ಕಳ ಕೈಗೆ ಕೊಟ್ಟರೆ ಓದು ಎಲ್ಲಿಗೋ ಹೋಗುತ್ತದೆ, ಗೊತ್ತಲ್ವಾ? ನಾನು ಪಿಡಿಎಫ್ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪು ಪ್ರಿಂಟ್ ತೆಗೆಸುತ್ತೇನೆ. ಬಣ್ಣ ಅವಳೇ ತುಂಬುತ್ತಾಳೆ. ಅಚ್ಚಾದ ಪುಸ್ತಕವೇ ಬೇಕು ಅನ್ನುವವರಿಗೆ ಪ್ರಥಮ್ ಬುಕ್ಸ್‌ನ ಕನ್ನಡ ಪುಸ್ತಕಗಳೂ ಸಿಗುತ್ತವೆ, ಬೆಲೆಯೂ ಹೆಚ್ಚಿಲ್ಲ.