ರೇ ಚಾರ್ಲ್ಸ್‌ನ ‘ದಿ ಬರ್ತ್ ಆಫ್ ಸೋಲ್’: ದಾವಣಗೆರೆಯ ಕೇಳುಗರಿಗೆ ಮೂರು ಸಿ.ಡಿ.ಗಳ ವಿಮರ್ಶೆ

ಈ ಸೆಟ್ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಅಮೆರಿಕದ ಗಾಯಕ, ಪಿಯಾನೋ ವಾದಕ ರೇ ಚಾರ್ಲ್ಸ್ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವ ‘ಜಾರ್ಜಿಯಾ ಆನ್ ಮೈ ಮೈಂಡ್’, ‘ಹಿಟ್ ದ ರೋಡ್ ಜ್ಯಾಕ್’, ‘ಐ ಕಾಂಟ್ ಸ್ಟಾಪ್ ಲವಿಂಗ್ ಯೂ’ ಯಾವುದೂ ಇದರಲ್ಲಿ ಇಲ್ಲ. ಅವನ್ನೆಲ್ಲ ಅವನು 1960ರಿಂದ ಈಚೆಗೆ ಎಬಿಸಿ-ಪ್ಯಾರಾಮೌಂಟ್ ಕಂಪನಿಗೆ ಹಾಡಿದ್ದು. 1991ರಲ್ಲಿ ಬಂದ ಈ ಮೂರು ಸಿ.ಡಿ.ಗಳಲ್ಲಿ ಇರುವುದು 53 ಹಾಡು, ಎಲ್ಲವೂ 1952ರಿಂದ 1959ರವರೆಗೆ ಅಟ್ಲಾಂಟಿಕ್ ಕಂಪನಿಗೆ ಮಾಡಿದ ರಿದಮ್ ಅಂಡ್ ಬ್ಲೂಸ್ (ಕಪ್ಪು ಅಮೆರಿಕನ್ನರ ತಾಳಪ್ರಧಾನ ಜನಪ್ರಿಯ ಸಂಗೀತ) ಧ್ವನಿಮುದ್ರಣಗಳು. ಬೇರೆಯವರ ದನಿಯಲ್ಲಿ ಹಾಡುತ್ತಿದ್ದ ಹುಡುಗ ಏಳು ವರ್ಷದಲ್ಲಿ ತನ್ನದೇ ದನಿ ಕಂಡುಕೊಂಡ ಬಗೆಯನ್ನು ಹಾಡಿನಿಂದ ಹಾಡಿಗೆ ಕೇಳಿ ತಿಳಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಿಟ್ ಹಾಡುಗಳಷ್ಟೇ ಬೇಕಿದ್ದವರು ಬೇರೆ ಸಂಗ್ರಹ ನೋಡುವುದು ಮೇಲು.

ರೇ ಹುಟ್ಟಿದ್ದು 1930ರ ಸೆಪ್ಟೆಂಬರ್ 23ರಂದು, ಜಾರ್ಜಿಯಾದ ಆಲ್ಬನಿಯಲ್ಲಿ. ಬೆಳೆದದ್ದು ಫ್ಲಾರಿಡಾದ ಗ್ರೀನ್‌ವಿಲ್‌ನಲ್ಲಿ, ಕಡುಬಡತನದಲ್ಲಿ. ತಮ್ಮ ಜಾರ್ಜ್ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮುಳುಗಿ ಸತ್ತದ್ದನ್ನು ಕಣ್ಣಾರೆ ಕಂಡ. ಏಳರ ಹೊತ್ತಿಗೆ ಆ ಕಣ್ಣೂ ಹೋಯಿತು. 1937ರಿಂದ 1945ರವರೆಗೆ ಸೇಂಟ್ ಆಗಸ್ಟಿನ್‌ನ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್ ಸ್ವರಲಿಪಿ ಕಲಿತ. ಬೆರಳಲ್ಲಿ ಓದುವ ಲಿಪಿಯಾದ್ದರಿಂದ ಓದುತ್ತಲೇ ಎರಡೂ ಕೈಯಲ್ಲಿ ನುಡಿಸಲು ಬರುವುದಿಲ್ಲ. ಕೆಲವು ಬಾರ್ (ತಾಳದ ಒಂದೊಂದು ಸಣ್ಣ ಆವರ್ತ) ಓದಬೇಕು, ಬಾಯಿಪಾಠ ಮಾಡಬೇಕು, ಆಮೇಲೆ ನುಡಿಸಬೇಕು. ಇಡೀ ಬ್ಯಾಂಡಿನ ಏರ್ಪಾಡನ್ನು ತಲೆಯಲ್ಲೇ ಇಟ್ಟುಕೊಂಡು ಪ್ರತಿ ವಾದ್ಯದ ಪಾಲನ್ನು ಬಾಯಲ್ಲಿ ಹೇಳಿ ಬರೆಸುವ ಅವನ ಶಕ್ತಿಯ ಬೇರು ಇಲ್ಲಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೂ ಪುಟ್ಟರಾಜ ಗವಾಯಿಗಳನ್ನೂ ಬಲ್ಲ ನಮ್ಮ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

1945ರಲ್ಲಿ ತಾಯಿ ತೀರಿಕೊಂಡಳು. ಹುಡುಗ ಫ್ಲಾರಿಡಾದ ಊರೂರು ಅಲೆದು ನುಡಿಸಿದ. 1948ರಲ್ಲಿ ದೇಶದ ಇನ್ನೊಂದು ಮೂಲೆಯ ಸಿಯಾಟಲ್‌ಗೆ ಹೋದ. ಅಲ್ಲಿ ಸ್ನೇಹವಾದ ಹದಿಹರೆಯದ ಇನ್ನೊಬ್ಬ ಹುಡುಗನೇ ಮುಂದೆ ಹೆಸರಾಂತ ಸಂಗೀತ ಸಂಯೋಜಕನಾದ ಕ್ವಿನ್ಸಿ ಜೋನ್ಸ್. 1952ರಲ್ಲಿ ಅಟ್ಲಾಂಟಿಕ್ 2,500 ಡಾಲರ್ ಕೊಟ್ಟು ಸ್ವಿಂಗ್ ಟೈಮ್ ಕಂಪನಿಯಿಂದ ಅವನ ಕರಾರನ್ನು ಕೊಂಡಿತು. ಸೆಟ್ ಶುರುವಾಗುವುದು ಇಲ್ಲಿಂದ.

ಶುರುವಿನ ಹಾಡುಗಳು ಅಷ್ಟೇನೂ ಹಿಡಿಸದೆ ಹೋಗಬಹುದು. ನ್ಯಾಟ್ ಕಿಂಗ್ ಕೋಲ್ ಮತ್ತು ಚಾರ್ಲ್ಸ್ ಬ್ರೌನ್ ಅವರ ನಯವಾದ ದನಿಯ ಅನುಕರಣೆ ಇನ್ನೂ ಬಿಟ್ಟುಹೋಗಿಲ್ಲ. ಹಾಗಂತ ದಾಟಿಸಬೇಡಿ. ಈ ಮೆತ್ತನೆಯ ದನಿ ಕಿವಿಯಲ್ಲಿ ಕೂತಿದ್ದರೆ ಮಾತ್ರ ಮುಂದಿನ ಬದಲಾವಣೆಯ ಬೆಲೆ ತಿಳಿಯುವುದು. 1953ರ ‘ಮೆಸ್ ಅರೌಂಡ್’ ಹೊತ್ತಿಗೆ ಎಡಗೈ ಬೂಗಿ-ವೂಗಿಯ (ಒಂದೇ ವರಸೆಯನ್ನು ಎಡಗೈಯಲ್ಲಿ ಬಿಡದೆ ಓಡಿಸುವ ಪಿಯಾನೋ ಶೈಲಿ) ಓಟ ಹಿಡಿಯುತ್ತದೆ. ಅದನ್ನು ಬರೆದವನು ಕಂಪನಿಯ ಮಾಲೀಕರಲ್ಲೊಬ್ಬ, ಟರ್ಕಿ ರಾಯಭಾರಿಯ ಮಗ ಅಹ್ಮೆತ್ ಎರ್ಟೆಗನ್.

ತಿರುವು ಬರುವುದು ‘ಐ ಗಾಟ್ ಎ ವುಮನ್’ ಹಾಡಿನಲ್ಲಿ. 1954ರ ನವೆಂಬರ್‌ನಲ್ಲಿ ಅಟ್ಲಾಂಟಾದ ಒಂದು ರೇಡಿಯೋ ಕೇಂದ್ರದ ಸ್ಟುಡಿಯೋದಲ್ಲಿ, ಊರೂರು ತಿರುಗುತ್ತಿದ್ದ ತನ್ನದೇ ಬ್ಯಾಂಡ್ ಕಟ್ಟಿಕೊಂಡು ಹಾಡಿದ್ದು. ಸದರ್ನ್ ಟೋನ್ಸ್ ತಂಡದ ಒಂದು ಚರ್ಚ್ ಹಾಡಿನ ಧಾಟಿ ಹಿಡಿದು, ದೇವರ ಜಾಗಕ್ಕೆ ಹೆಣ್ಣನ್ನು ತಂದಿಟ್ಟ. ಸೆಟ್ಟಿನ ಹೆಸರಿನಲ್ಲಿರುವ ‘ಸೋಲ್’ ಅಂದರೆ ಚರ್ಚಿನ ಹಾಡುಗಾರಿಕೆ ರಿದಮ್ ಅಂಡ್ ಬ್ಲೂಸ್ ಜೊತೆ ಬೆರೆತ ಈ ಸಂಗೀತವೇ. ತುತ್ತೂರಿಗಾರ ರೆನಾಲ್ಡ್ ರಿಚರ್ಡ್ ಸಾಹಿತ್ಯಕ್ಕೆ ಕೈಜೋಡಿಸಿದ. 1955ರಲ್ಲಿ ಹಾಡು ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು. ಚರ್ಚಿನ ಹಲವರು ಇದನ್ನು ಅಪಚಾರವೆಂದರು. ಅಷ್ಟು ಸಿಟ್ಟು ಯಾಕೆ ಎಂಬುದು ಹಾಡು ಕೇಳಿದರೆ ಗೊತ್ತಾಗುತ್ತದೆ: ಪ್ರಾರ್ಥನೆಯಲ್ಲಿ ಮೈಮರೆತು ಹೊಮ್ಮುವ ಅದೇ ಕೂಗು, ಅದೇ ಒಡೆದ ದನಿ, ಸಾಲಿನ ಕೊನೆಗೆ ಮೇಲಕ್ಕೆ ಜಿಗಿಯುವ ಅದೇ ಕೀರಲು ಸ್ವರ.

ದಾವಣಗೆರೆಯ ಕಿವಿಗೆ ಈ ಸಂಗೀತ ಪರಕೀಯ ಎಂದು ಹಿಂಜರಿಯಬೇಕಿಲ್ಲ. ಮುಂದಾಳು ಒಂದು ಸಾಲು ಎತ್ತಿ ಕೊಡುವುದು, ಹಿಮ್ಮೇಳ ಅದನ್ನು ಹಿಡಿದು ತಿರುಗಿ ಕೊಡುವುದು, ಸುತ್ತು ಸುತ್ತಿಗೂ ಕಾವೇರುವುದು ನಮ್ಮ ಭಜನೆ ಮೇಳಗಳಲ್ಲಿ ಇದ್ದದ್ದೇ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಕಾಲದಿಂದ ಈ ಊರು ಕಂಪನಿ ನಾಟಕದ ಎದೆತುಂಬಿದ ಹಾಡಿಗೂ ಪಳಗಿದೆ. ಎಡವುವುದು ತಾಳದಲ್ಲಿ ಮಾತ್ರ. ನಾಲ್ಕು ಎಣಿಕೆಯಲ್ಲಿ ನಮ್ಮ ಕೈ ಒಂದಕ್ಕೆ, ಮೂರಕ್ಕೆ ಬೀಳಲು ಹೋಗುತ್ತದೆ. ಇಲ್ಲಿ ಪೆಟ್ಟು ಇರುವುದು ಎರಡಕ್ಕೆ, ನಾಲ್ಕಕ್ಕೆ. ಸ್ನೇರ್ ಡ್ರಮ್ ಎಲ್ಲಿ ಹೊಡೆಯುತ್ತದೋ ಅಲ್ಲಿ ಚಪ್ಪಾಳೆ ತಟ್ಟಿ ನೋಡ್ರಿ. ಹಾಡು ತಾನಾಗಿ ನಡೆಯತೊಡಗುತ್ತದೆ.

ಎರಡನೆಯ ದೊಡ್ಡ ಹೆಜ್ಜೆ ಹೆಣ್ಣು ದನಿಗಳದ್ದು. ‘ಡ್ರೌನ್ ಇನ್ ಮೈ ಓನ್ ಟಿಯರ್ಸ್’ ಹಾಡನ್ನು ರೇ ಎಷ್ಟು ನಿಧಾನ ಹಾಡುತ್ತಾನೆಂದರೆ ತಾಳ ನಿಂತೇಹೋಯಿತೇನೋ ಅನಿಸಬೇಕು. ಕೊನೆಗೆ ಹಿಮ್ಮೇಳದ ಹೆಣ್ಣುದನಿಗಳು ಬಂದು ಅದನ್ನು ಎತ್ತಿಹಿಡಿಯುತ್ತವೆ. 1958ರ ಹೊತ್ತಿಗೆ ಕುಕೀಸ್ ತಂಡದ ಗಾಯಕಿಯರನ್ನು ತನ್ನ ಬಳಿಗೆ ಕರೆದು ‘ರೇಲೆಟ್ಸ್’ ಕಟ್ಟಿದ. ಅವರಲ್ಲಿ ಮಾರ್ಜಿ ಹೆಂಡ್ರಿಕ್ಸ್ ಅಸಾಮಾನ್ಯಳು. ‘ದ ರೈಟ್ ಟೈಮ್’ ಹಾಡಿನ ನಡುವೆ ‘ಬೇಬಿ’ ಎಂಬ ಒಂದೇ ಪದವನ್ನು ಮತ್ತೆ ಮತ್ತೆ ಕೂಗುತ್ತ ಬರುವವಳು ಅವಳೇ. ಇಡೀ ಸೆಟ್ಟಿನಲ್ಲಿ ರೇಯ ದನಿಗೆ ಎದುರು ನಿಂತು ಅದನ್ನು ಮೀರಿಸುವ ದನಿ ಅದೊಂದೇ. ಅವಳಿಗೆ ಸಿಗಬೇಕಿದ್ದ ಹೆಸರು ಸಿಗಲಿಲ್ಲ ಎಂಬ ಸಂಕಟ ಆ ಹಾಡನ್ನು ಕೇಳಿದಾಗಲೆಲ್ಲ ಆಗುತ್ತದೆ.

‘ವಾಟ್‌ಡ್ ಐ ಸೇ’ ಹುಟ್ಟಿದ್ದು 1958ರ ಕೊನೆಗೆ ಒಂದು ಡಾನ್ಸ್ ಕಾರ್ಯಕ್ರಮದಲ್ಲಿ. ನುಡಿಸಲು ಹಾಡು ಮುಗಿದಿತ್ತು, ಸಮಯ ಉಳಿದಿತ್ತು. ರೇ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೋದಲ್ಲಿ ಒಂದು ವರಸೆ ಹಿಡಿದ. ‘ನಾನು ಹೇಳಿದ್ದನ್ನೇ ತಿರುಗಿ ಹೇಳಿ’ ಎಂದು ಬ್ಯಾಂಡಿಗೂ ಗಾಯಕಿಯರಿಗೂ ಸೂಚಿಸಿದ. ಕಟ್ಟಡ ಸರಳ: ನಾಲ್ಕು ಎಣಿಕೆಯ 12 ಬಾರ್, ಅಂದರೆ 48 ಎಣಿಕೆಗೊಂದು ಸುತ್ತು, ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ). 1959ರ ಫೆಬ್ರವರಿಯಲ್ಲಿ ಮುದ್ರಿಸಿದಾಗ ಅದು ಸಿಂಗಲ್ ರೆಕಾರ್ಡಿನ ಒಂದು ಬದಿಗೆ ಹಿಡಿಸದಷ್ಟು ಉದ್ದವಾಯಿತು. ಇಂಜಿನಿಯರ್ ಟಾಮ್ ಡೌಡ್ ಕತ್ತರಿಸಿ ಎರಡು ಬದಿಗೆ ಹಂಚಿದ. ನಡುವೆ ಬ್ಯಾಂಡ್ ನಿಂತು, ಗದ್ದಲವೆದ್ದು, ಮತ್ತೆ ಶುರುವಾಗುತ್ತದಲ್ಲ, ಅದು ಆ ಎರಡು ಭಾಗದ ಹೊಲಿಗೆ. ಇಲ್ಲಿ ಎರಡೂ ಸೇರಿ ಸುಮಾರು ಆರೂವರೆ ನಿಮಿಷ. ಮೊಬೈಲ್ ಆ್ಯಪ್‌ಗಳಲ್ಲಿ ಮೊದಲ ಭಾಗ ಮಾತ್ರವೋ, ಮುಂದೆ ವೇದಿಕೆಯಲ್ಲಿ ಹಾಡಿದ್ದೋ ಸಿಗುವುದುಂಟು. ಅವಧಿ, ವರ್ಷ ಎರಡನ್ನೂ ನೋಡಿಯೇ ಒತ್ತಿ.

ಇನ್ನು ಧ್ವನಿಯ ಗುಣ. ಹೆಚ್ಚಿನ ಹಾಡುಗಳು ಮೋನೋ, ಅಂದರೆ ಎರಡೂ ಸ್ಪೀಕರಿನಿಂದ ಬರುವುದು ಒಂದೇ ಧ್ವನಿ. ಹೋಮ್ ಥಿಯೇಟರಿನ ಸರೌಂಡ್, ಬಾಸ್ ಬೂಸ್ಟ್ ಎಲ್ಲ ಬಂದ್ ಮಾಡಿ ಎರಡೇ ಸ್ಪೀಕರ್ ಬಳಸಿ. ಬಾಸ್ ಏರಿಸಿದರೆ ಪಿಯಾನೋದ ಎಡಗೈಯೂ ಡಬಲ್ ಬಾಸೂ ಕಲಸಿಹೋಗುತ್ತವೆ. ಹಳೆಯ ಟೇಪಿನ ಸಣ್ಣ ಸುಯ್ಯೆನ್ನುವ ಸದ್ದು ದೋಷವೆಂದು ಟ್ರೆಬಲ್ ಇಳಿಸಿದರೆ ಅದರ ಜೊತೆಗೇ ಸಿಂಬಲ್, ರೇಯ ಉಸಿರು ಎಲ್ಲ ಹೋಗುತ್ತವೆ. ನಮ್ಮ ಬಡಾವಣೆಗಳ ಆರ್‌ಸಿಸಿ ಮನೆಗಳಲ್ಲಿ ಟೈಲ್ಸ್ ನೆಲ, ಬೋಳು ಗೋಡೆ. ಕೂಗಿನ ಸ್ವರಗಳು ಪ್ರತಿಧ್ವನಿಸಿ ಕಿವಿ ಚುಚ್ಚುತ್ತವೆ. ಸ್ಪೀಕರನ್ನು ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದಿಡಿ, ಟ್ವೀಟರ್ (ಕೀರಲು ಸ್ವರ ಹೊಮ್ಮಿಸುವ ಸಣ್ಣ ಭಾಗ) ಕೂತವರ ಕಿವಿಯ ಮಟ್ಟಕ್ಕಿರಲಿ, ನಡುವಿನ ನೆಲಕ್ಕೆ ದಪ್ಪ ಜಮಖಾನ ಹಾಸಿ. ಏಪ್ರಿಲ್-ಮೇ ತಿಂಗಳಲ್ಲಿ ಫ್ಯಾನ್ ನಿಲ್ಲಿಸಿ ಕೂರಲು ಆಗದು, ಅದರ ಸದ್ದಿನಲ್ಲಿ ಮೆಲುಹಾಡುಗಳು ಮುಚ್ಚಿಹೋಗುತ್ತವೆ. ನಿಧಾನದ ಬ್ಲೂಸ್‌ಗೆ ನಸುಕೇ ಸರಿ. ಹಾಡಿನಡಿ ಒಂದೇ ಸಮ ಗುಂಯ್ ಅನ್ನುತ್ತಿದ್ದರೆ ಅದು ಕರೆಂಟಿನ 50 ಹರ್ಟ್ಸ್ ಹಮ್. ಪ್ಲೇಯರ್, ಆಂಪ್ಲಿಫೈಯರ್ ಎರಡನ್ನೂ ಅರ್ತ್ ಇರುವ ಒಂದೇ ಬೋರ್ಡಿಗೆ ಜೋಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವುದಾದರೆ ತಳಭಾಗದ ಫೋಟೋ ಕೇಳಿ. ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕ್ ಬೆಳ್ಳಿಬಣ್ಣ. ಹಸಿರು, ನೀಲಿ, ನೇರಳೆ ಛಾಯೆ ಕಂಡರೆ ಮನೆಯಲ್ಲಿ ಬರೆದ ನಕಲು. ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ತೂತುಗಳು ಚದುರಿ ಕಂಡರೆ ಲೋಹದ ಪದರ ಹಾಳಾಗುತ್ತಿರಬಹುದು. ಗೀರು ತಳಕ್ಕಿಂತ ಲೇಬಲ್ ಬದಿಯಲ್ಲಿದ್ದರೆ ಹೆಚ್ಚು ಅಪಾಯ, ಮಾಹಿತಿ ಹೊತ್ತ ಪದರ ಇರುವುದು ಲೇಬಲ್ಲಿನ ಕೆಳಗೇ. ಇಲ್ಲಿಯ ಧೂಳಿಗೆ ಒರೆಸುವುದು ತಪ್ಪದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಬೇಡಿ. ಸುತ್ತು ಗೀರು ಹಾಡಿನ ಹಾದಿಯ ಉದ್ದಕ್ಕೂ ಬೀಳುವುದರಿಂದ ಪ್ಲೇಯರಿಗೆ ತಪ್ಪು ತಿದ್ದಿಕೊಳ್ಳಲು ಆಗುವುದಿಲ್ಲ, ಹಾಡು ಹಾರುತ್ತದೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಡಿಸ್ಕ್ ಸೊಟ್ಟಗಾಗುತ್ತದೆ.

ಸೆಟ್ಟಿನ ಕೊರತೆ ಅದರ ಮಿತಿಯಲ್ಲೇ ಇದೆ. ಇದೇ ವರ್ಷಗಳಲ್ಲಿ ರೇ ನುಡಿಸಿದ ಜಾಝ್, 1959ರಲ್ಲಿ ಪಿಟೀಲು ಮೇಳದ ಜೊತೆ ಹಾಡಿದ ನಿಧಾನಗತಿಯ ಹಾಡುಗಳು ಹೊರಗುಳಿದಿವೆ. ಅವೂ ಬೇಕಿದ್ದರೆ 2005ರಲ್ಲಿ ಬಂದ ‘ಪ್ಯೂರ್ ಜೀನಿಯಸ್’ ಇದೆ: ಏಳು ಸಿ.ಡಿ., ಒಂದು ಡಿ.ವಿ.ಡಿ. ಅದು ಈಗಾಗಲೇ ಮನಸೋತವರಿಗೆ. ಹೊಸಬರು ಮೂರು ಸಿ.ಡಿ.ಯ ಈ ಸೆಟ್ಟನ್ನೇ ಕೊಳ್ಳಲಿ, ಕ್ರಮ ತಪ್ಪಿಸದೆ ಕೇಳಲಿ. ಮುಂದಿನ ಖರೀದಿಗೆ 1962ರ ‘ಮಾಡರ್ನ್ ಸೌಂಡ್ಸ್ ಇನ್ ಕಂಟ್ರಿ ಅಂಡ್ ವೆಸ್ಟರ್ನ್ ಮ್ಯೂಸಿಕ್’ ಸರಿ. ಎಬಿಸಿ ಜೊತೆಗಿನ ಕರಾರಿನಲ್ಲಿ ರೇ ತನ್ನ ಮೂಲ ಧ್ವನಿಮುದ್ರಣಗಳ ಒಡೆತನವನ್ನು ಕೇಳಿ ಪಡೆದಿದ್ದ. ಆ ಕಾಲದ ಕಪ್ಪು ಗಾಯಕರಿಗೆ ಅದು ಸಿಗುವ ಮಾತೇ ಆಗಿರಲಿಲ್ಲ. ಬಿಳಿಯರದೆಂದು ಎಲ್ಲರೂ ತಿಳಿದಿದ್ದ ಕಂಟ್ರಿ ಹಾಡುಗಳನ್ನು ಅಟ್ಲಾಂಟಿಕ್‌ನಲ್ಲಿ ಕಂಡುಕೊಂಡ ದನಿಯಲ್ಲೇ ಹಾಡಲು ಹೊರಟದ್ದು ಆ ಹೊಸ ಕಂಪನಿಯಲ್ಲಿ.