ಟಿಟಿಯನ್ನ ಕ್ಯಾಂಪರ್ ಮಾಡಿಸೋಕೆ ಹೊರಟಿದ್ದೀರಾ? ಪ್ಲೈವುಡ್ ಹೊಡೆಯೋ ಮುಂಚೆ ಇದನ್ನ ಓದಿ

ಹಳೇ ಟಿಟಿ (ಟೆಂಪೋ ಟ್ರಾವೆಲರ್) ತಗೊಂಡು, ಒಳಗೆ ಮಲಗೋಕೆ, ಅಡುಗೆಗೆ ಜಾಗ ಮಾಡಿಸಿ, ಮನೆಮಂದಿಯನ್ನೆಲ್ಲ ಕೂರಿಸ್ಕೊಂಡು ಚಿಕ್ಕಮಗಳೂರು, ಕುದುರೆಮುಖ ಅಂತ ಸುತ್ತೋಣ ಅಂದ್ಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಬೆಂಗಳೂರಿನ ಒಂದು ಶೆಡ್‌ಗೆ 7 ಲಕ್ಷ 40 ಸಾವಿರ ಸುರಿದು ನಾನು ಮಾಡಿಸಿದ ಗಾಡಿ ಈಗ ಅರ್ಧ ಬಿಚ್ಚಿ ನಿಂತಿದೆ. ಶೆಡ್ ಹೆಸರು ಹಾಕಲ್ಲ, ವಿಷಯ ಲಾಯರ್ ಕೈಯಲ್ಲಿದೆ. ಹೆಸರು ಗೊತ್ತಾಗೋದಕ್ಕಿಂತ ಆಟ ಗೊತ್ತಾಗೋದು ಮುಖ್ಯ, ಇದೇ ಆಟ ಬೇರೆ ಕಡೆಯೂ ನಡೀತಿರುತ್ತೆ.

ಬ್ಯಾಟರಿಯಿಂದ ಶುರು ಮಾಡ್ತೀನಿ. ಇದನ್ನ ಬರೆಯೋವಾಗ ಈಗಲೂ ಕಿವಿ ಬಿಸಿಯಾಗುತ್ತೆ, ಯಾಕಂದ್ರೆ ಯುಪಿಎಸ್ ಪ್ಯಾನೆಲ್ ಕೆಲಸವೇ ನನ್ನ ಹೊಟ್ಟೆಪಾಡು. ಎಸ್ಟಿಮೇಟ್‌ನಲ್ಲಿ ಬರೆದಿದ್ದು 12.8 ವೋಲ್ಟ್, 200 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತೆ ಅನ್ನೋ ಲೆಕ್ಕ), ಲಿಥಿಯಂ ಐರನ್ ಫಾಸ್ಫೇಟ್ ಜಾತಿ ಬ್ಯಾಟರಿ. ಡೆಲಿವರಿ ದಿನ ಮಂಚದ ಕೆಳಗೆ ಕಬ್ಬಿಣದ ಪೆಟ್ಟಿಗೆ, ಮೇಲೆ ಹೊಳೆಯೋ ಸ್ಟಿಕ್ಕರ್, ನಾಲ್ಕೂ ಸ್ಕ್ರೂ ಮೇಲೆ 'ತೆಗೆದರೆ ವಾರಂಟಿ ಇಲ್ಲ' ಅನ್ನೋ ಸೀಲು. ಎತ್ತಿ ನೋಡೋಕೆ ಕೈ ಹಾಕಿದ್ರೆ, "ಮುಟ್ಟಬೇಡಿ ಸರ್, ಸೀಲ್ ಹೋದ್ರೆ ಕಂಪನಿಯೋರು ಒಪ್ಪಲ್ಲ" ಅಂದ ಶೆಡ್‌ನವನು. ನಾನೂ ಸುಮ್ಮನಾದೆ. ಸ್ಟಿಕ್ಕರ್ ನಂಬ್ಬಿಟ್ಟೆ. ದಿನಾ ಬೇರೆಯವರ ಬ್ಯಾಟರಿಗೆ ಮೀಟರ್ ಹಿಡಿಯೋನು, ನನ್ನ ದುಡ್ಡಿನ ಬ್ಯಾಟರಿಗೆ ಹಿಡಿಯಲಿಲ್ಲ.

ಲೆಕ್ಕ ಸುಲಭ. 12.8 ವೋಲ್ಟ್ ಗುಣಿಸು 200 ಅಂದ್ರೆ 2560 ವ್ಯಾಟ್ ಅವರ್. ಇನ್ವರ್ಟರ್‌ನಲ್ಲಿ ನೂರಕ್ಕೆ ಹನ್ನೆರಡು ಭಾಗ ಹೋಗುತ್ತೆ ಅಂದ್ಕೊಂಡ್ರೂ 500 ವ್ಯಾಟ್‌ನ ಒಂದು ಹ್ಯಾಲೊಜೆನ್ ಫೋಕಸ್ ಲೈಟು ನಾಲ್ಕೂವರೆ ಗಂಟೆ ಉರೀಬೇಕು. ಪೂರ್ತಿ ಚಾರ್ಜ್ ಮಾಡಿ ಹಚ್ಚಿಟ್ಟೆ. 1 ಗಂಟೆ 50 ನಿಮಿಷಕ್ಕೆ ಕಟ್ ಆಯ್ತು. ಎರಡನೇ ಸಲ ಮಾಡಿದೆ, ಅಷ್ಟೇ. ಹಿಂದಕ್ಕೆ ಲೆಕ್ಕ ಹಾಕಿದ್ರೆ ಸುಮಾರು 81 ಆಂಪಿಯರ್ ಅವರ್. ಸೀಲು ಕಿತ್ತು ಪೆಟ್ಟಿಗೆ ಬಿಚ್ಚಿದೆ. ಒಳಗೆ ನಾಲ್ಕು ಸೆಲ್, ಹೊಸ ನೀಲಿ ಪ್ಲಾಸ್ಟಿಕ್ ಸುತ್ತಿದ್ರು. ಪ್ಲಾಸ್ಟಿಕ್ ಹರಿದ್ರೆ ಕ್ಯೂಆರ್ ಕೋಡ್ ಕೆರೆದು ಅಳಿಸಿದ ಗುರುತು, ಟರ್ಮಿನಲ್ ಮೇಲೆ ಹಳೇ ವೆಲ್ಡಿಂಗ್ ಉಜ್ಜಿ ಹೊಸ ಬೋಲ್ಟ್ ಕೂರಿಸಿದ ಗುರುತು. ಯಾವುದೋ ಹಳೇ ಪ್ಯಾಕಿನಿಂದ ಕಿತ್ತ ಸೆಲ್‌ಗಳು. ನಾಲ್ಕನ್ನೂ ಹತ್ತಿರದ ಗುಜರಿ ಅಂಗಡಿ ತಕ್ಕಡಿ ಮೇಲಿಟ್ಟೆ: 8 ಕೆಜಿ 100 ಗ್ರಾಂ. 200 ಆಂಪಿಯರ್ ಅವರ್ ಸೆಲ್ ಆಗಿದ್ರೆ ಒಂದೊಂದೇ ಸುಮಾರು 4 ಕೆಜಿ ಇರಬೇಕು, ನಾಲ್ಕು ಸೇರಿ 16. ತಕ್ಕಡಿಯವನು "ಇದಕ್ಕೆ ರೇಟ್ ಇಲ್ಲ ಸಾರ್, ಸೀಸದ್ದಾಗಿದ್ರೆ ತಗೋತಿದ್ದೆ" ಅಂದ. ಆ ಕ್ಷಣ ಇದೆಯಲ್ಲ, ಅದನ್ನ ಮರೆಯೋಕೆ ಆಗ್ತಿಲ್ಲ.

ಫೋನ್ ಮಾಡಿ ಕೇಳಿದ್ರೆ ಬಂದ ಉತ್ತರ: "ಸರ್, 200 ಅಂದ್ರೆ ಪೀಕ್ ಸರ್. 100 ನಾರ್ಮಲ್."

ಪೀಕ್ ಆಂಪಿಯರ್ ಅವರ್! ಹಾಗೊಂದು ವಸ್ತು ಭೂಮಿ ಮೇಲೆ ಇಲ್ಲ. ಹತ್ತು ಲೀಟರ್ ಬಿಂದಿಗೆಗೆ ಪೀಕ್ ಇಪ್ಪತ್ತು ಲೀಟರ್ ಅಂದ ಹಾಗೆ. ಇದನ್ನ ಹೇಳಿದ್ದಕ್ಕೆ "ನೀವು ತುಂಬಾ ಓದಿದೀರಾ ಸರ್, ನಾವು ಫೀಲ್ಡ್‌ನಲ್ಲಿರೋರು" ಅಂದ.

ವೈರಿಂಗ್ ಇನ್ನೂ ಭಯಂಕರ. 2000 ವ್ಯಾಟ್ ಇನ್ವರ್ಟರನ್ನ ಬ್ಯಾಟರಿಯಿಂದ 3 ಮೀಟರ್ ದೂರ ಇಟ್ಟು, 10 ಚದರ ಮಿಲಿಮೀಟರ್ ವೈರ್ ಎಳೆದಿದ್ದಾರೆ. ಇಂಡಕ್ಷನ್ ಒಲೆ 1200 ವ್ಯಾಟ್‌ಗೆ ಇಟ್ರೆ 12 ವೋಲ್ಟ್ ಕಡೆಯಿಂದ ಸುಮಾರು 114 ಆಂಪಿಯರ್ ಎಳೆಯುತ್ತೆ. ಹೋಗಿ ಬರೋ 6 ಮೀಟರ್ ವೈರಿನಲ್ಲೇ 1.2 ವೋಲ್ಟ್ ಬಿದ್ದು ಹೋಗುತ್ತೆ, 136 ವ್ಯಾಟ್ ಶಾಖ ಆ ವೈರಿನೊಳಗೇ ಹುಟ್ಟುತ್ತೆ. ಇನ್ವರ್ಟರ್ ಕೀಂಯ್ ಕೀಂಯ್ ಅಂತ ಲೋ ವೋಲ್ಟೇಜ್ ಕೂಗೋದು ಇದಕ್ಕೇ, ಬ್ಯಾಟರಿ ಖಾಲಿಯಾಗಿ ಅಲ್ಲ. ಆ ವೈರು ಹಾಸಿಗೆ ಕೆಳಗೆ, ಪ್ಲೈವುಡ್ಡಿಗೆ ಅಂಟಿಕೊಂಡು ಹೋಗಿದೆ. ನಡುವೆ ಒಂದೇ ಒಂದು ಫ್ಯೂಸ್ ಇಲ್ಲ. ಕೇಳಿದ್ರೆ, "ಫ್ಯೂಸ್ ಹಾಕಿದ್ರೆ ಪದೇ ಪದೇ ಹೋಗುತ್ತೆ ಸರ್, ಕಸ್ಟಮರ್ ಬೈತಾರೆ, ಅದಕ್ಕೇ ಹಾಕಲ್ಲ."

2000 ವ್ಯಾಟ್ ಇನ್ವರ್ಟರ್‌ಗೆ 70 ಚದರ ಮಿ.ಮೀ. ತಾಮ್ರದ ಕೇಬಲ್ ಬೇಕು, ಉದ್ದ 1 ಮೀಟರ್ ದಾಟಬಾರದು, ಬ್ಯಾಟರಿಯ ಪಾಸಿಟಿವ್‌ನಿಂದ ಗೇಣುದ್ದದೊಳಗೆ 250 ಆಂಪಿಯರ್ ಡಿಸಿ ಫ್ಯೂಸ್ ಇರಬೇಕು. ಮನೆ ಕರೆಂಟಿಗೆ ಹಾಕೋ ಎಸಿ ಎಂಸಿಬಿ ಹಾಕ್ತೀನಿ ಅಂದ್ರೂ ಬೇಡ ಅನ್ನಿ, ಡಿಸಿ ಕಿಡಿ ಅದರಲ್ಲಿ ಆರಲ್ಲ. ಎಸ್ಟಿಮೇಟ್‌ನಲ್ಲಿ ಡಿಸಿ ಟು ಡಿಸಿ ಚಾರ್ಜರ್ (ಎಂಜಿನ್ ಕಡೆಯಿಂದ ಒಳಗಿನ ಬ್ಯಾಟರಿಗೆ ಅಳತೆಯಲ್ಲಿ ಕರೆಂಟ್ ಬಿಡೋದು) ಅಂತ 18,000 ಹಾಕಿದ್ರು. ಆ ಜಾಗದಲ್ಲಿ ಸಿಕ್ಕಿದ್ದು ಒಂದು ರಿಲೇ, ಅಂದ್ರೆ ಬರೀ ಸ್ವಿಚ್. ಎಂಜಿನ್ ಸ್ಟಾರ್ಟ್ ಆದ ತಕ್ಷಣ ಲಿಥಿಯಂ ಬ್ಯಾಟರಿ ಸಿಕ್ಕಷ್ಟು ಕರೆಂಟ್ ನುಂಗುತ್ತೆ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಗಾಡಿ ಐಡಲ್‌ನಲ್ಲಿ ನಿಂತಿರುವಾಗ ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸೋ ಆಲ್ಟರ್ನೇಟರ್‌ನ ಫ್ಯಾನು ನಿಧಾನ, ಲೋಡು ಪೂರ್ತಿ. ಸುಡೋದು ಆಗಲೇ.

ಸೋಲಾರ್ ಪ್ಯಾನೆಲ್ ಎರಡು, ಒಂದೊಂದರ ಹಿಂದೆ 200 ವ್ಯಾಟ್ ಅಂತ ಲೇಬಲ್. ಟೇಪ್ ಹಿಡಿದ್ರೆ 100 ಸೆಂ.ಮೀ. ಉದ್ದ, 67 ಸೆಂ.ಮೀ. ಅಗಲ. ಅಂದ್ರೆ 0.67 ಚದರ ಮೀಟರ್. ಮಾರ್ಕೆಟ್‌ನಲ್ಲಿ ಸಿಗೋ ಒಳ್ಳೇ ಮೊನೊ ಪ್ಯಾನೆಲ್ ಒಂದು ಚದರ ಮೀಟರ್‌ಗೆ 200ರಿಂದ 220 ವ್ಯಾಟ್ ಕೊಡುತ್ತೆ, ಅದೂ ಲ್ಯಾಬ್ ಬಿಸಿಲಿಗೆ. ಹಾಗಾದ್ರೆ ಇದು 147 ದಾಟಲ್ಲ. ಏಪ್ರಿಲ್ ಮಟಮಟ ಮಧ್ಯಾಹ್ನ ಎರಡೂ ಸೇರಿ 210 ವ್ಯಾಟ್ ಬಂತು. ಉತ್ತರ: "ಬೆಂಗಳೂರಲ್ಲಿ ಮೋಡ ಜಾಸ್ತಿ ಸರ್." ಅಳತೆ ಟೇಪಿಗೂ ಮೋಡ ಕವಿದಿತ್ತೇನೋ.

ಈಗ ಛಾವಣಿ. ಫ್ಯಾನ್ ಕೂರಿಸೋಕೆ 14 ಇಂಚಿನ ಚೌಕ ಕತ್ತರಿಸ್ತಾರೆ. ಕತ್ತರಿಸಿದ ಅಂಚು ಬರೀ ಕಬ್ಬಿಣ. ಅದಕ್ಕೆ ಪ್ರೈಮರ್ ಹೊಡೆದು, ಒಣಗಿಸಿ, ಬ್ಯುಟೈಲ್ ಟೇಪ್ (ಅಂಟಂಟಾದ ರಬ್ಬರ್ ಟೇಪ್) ಮೇಲೆ ಫ್ರೇಮ್ ಕೂರಿಸಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಸುತ್ತಲೂ ಪಾಲಿಯುರಿಥೇನ್ ಸೀಲಂಟ್ ಹಾಕಬೇಕು. ಇವರು ಬಾತ್‌ರೂಮ್ ಸಿಲಿಕಾನ್ ಹಿಂಡಿದ್ರು. ಗಾಡಿ ಬಂದ ದಿನ ಒಳಗೆ ವಿನೆಗರ್ ಥರ ಹುಳಿ ವಾಸನೆ ಇತ್ತು, ಹೊಸ ಗಾಡಿ ವಾಸನೆ ಅಂದ್ಕೊಂಡೆ. ಅದು ಅಸಿಟಿಕ್ ಆಸಿಡ್. ಆ ಜಾತಿ ಸಿಲಿಕಾನ್ ಒಣಗೋವಾಗ ಆಸಿಡ್ ಬಿಡುತ್ತೆ, ಬರೀ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ಮೇ ತಿಂಗಳ ಮೊದಲ ಗುಡುಗು ಮಳೆಗೇ ನೀರು ಒಳಗೆ. ಸಿಲಿಕಾನನ್ನ ಉಗುರಲ್ಲಿ ಎತ್ತಿದ್ರೆ ಹಿತಕಿದ ಅವರೆಕಾಳಿನ ಸಿಪ್ಪೆ ಜಾರಿದ ಹಾಗೆ ಉದ್ದಕ್ಕೂ ಎದ್ದು ಬಂತು, ಕೆಳಗೆ ಕಂದು ತುಕ್ಕು. ರಿಪೇರಿಗೆ ಕಳಿಸಿದ ಕಾರ್ಪೆಂಟರ್ ಹುಡುಗ ಮತ್ತೆ ಅದೇ ಟ್ಯೂಬ್ ತಂದಿದ್ದ. "ಅಣ್ಣಾ, ನಾನು ಹೇಳ್ದೆ ಅಂತ ಹೇಳ್ಬೇಡಿ, ನಮ್ಮ ಓನರ್ ಎಲ್ಲಾ ಗಾಡಿಗೂ ಇದನ್ನೇ ಹಾಕ್ಸೋದು" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ.

ಗೋಡೆ ಒಳಗೆ ಬಿಸಿಲು, ಚಳಿ ತಡೆಯೋ ಇನ್ಸುಲೇಶನ್ ಅಂತ ಥರ್ಮಾಕೋಲ್ ತುಂಬಿದ್ರು. ಹಳ್ಳದ ರಸ್ತೆಯಲ್ಲಿ ಕಿರ್ ಕಿರ್ ಅನ್ನೋದು ಒಂದು ಕಡೆ, ಬೆಂಕಿ ತಗುಲಿದ್ರೆ ಕರಗಿ ಸುರಿಯುತ್ತೆ ಅನ್ನೋದು ಇನ್ನೊಂದು ಕಡೆ. ಮಲೆನಾಡಿನ ಚಳಿ ರಾತ್ರಿಯಲ್ಲಿ ನಾಲ್ಕು ಜನ ಬಾಗಿಲು ಮುಚ್ಚಿ ಮಲಗಿದ್ರೆ ಉಸಿರಿನ ತೇವ ಎಲ್ಲ ಥರ್ಮಾಕೋಲ್ ಸಂದಿಯಲ್ಲಿ ಹೋಗಿ ತಗಡಿನ ಮೇಲೆ ನೀರಾಗಿ ಇಳಿಯುತ್ತೆ. ತಗಡಿಗೆ ಮೊದಲು ಬ್ಯುಟೈಲ್ ಶೀಟ್ ತುಂಡುಗಳು, ಅದರ ಮೇಲೆ 13 ಮಿ.ಮೀ. ನೈಟ್ರೈಲ್ ರಬ್ಬರ್ ಶೀಟ್, ಜಾಯಿಂಟ್‌ಗೆಲ್ಲ ಟೇಪ್ ಹಾಕಬೇಕಿತ್ತು. ಅಷ್ಟೇ ಕೆಲಸ, ಅಷ್ಟೂ ಮಾಡಲಿಲ್ಲ.

ಪ್ಲೈವುಡ್ ಐಎಸ್ 710 ಮರೀನ್ ಅಂತ ದುಡ್ಡು ತಗೊಂಡ್ರು. ಆ ದರ್ಜೆಯ ಅಂಟು 72 ಗಂಟೆ ಕುದಿಯೋ ನೀರಿನಲ್ಲಿ ತಡೀಬೇಕು. ಸಿಂಕ್ ಕೆಳಗಿನ ಹಲಗೆ ಆರು ವಾರಕ್ಕೆ ಹಪ್ಪಳದ ಥರ ಉಬ್ಬಿತು. ಮೈಕಾ ಹಾಕದ ಹಿಂಬದಿ ನೋಡಿದ್ರೆ ಐಎಸ್ 303, ಎಂಆರ್ ಅಂತ ಮುದ್ರೆ, ಅಂದ್ರೆ ಬರೀ ತೇವ ತಡೆಯೋ ಕೆಳಗಿನ ದರ್ಜೆ. ಮೈಸೂರು ರಸ್ತೆ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಎರಡಕ್ಕೂ ರೇಟು ಕೇಳಿ ನೋಡಿ, ಯಾಕೆ ಹಾಕಿದ್ರು ಗೊತ್ತಾಗುತ್ತೆ. ಮೇಲಾಗಿ ನೆಲ ಬಿಟ್ಟು ಎಲ್ಲ ಕಡೆ 18 ಮಿ.ಮೀ. ಎಂಟಡಿ ನಾಲ್ಕಡಿ ಹಲಗೆ ಒಂದೊಂದು ಸುಮಾರು 35 ಕೆಜಿ, ಒಂಬತ್ತು ಹಲಗೆ ಅಂದ್ರೆ 315 ಕೆಜಿ, ಮೈಕಾ ತೂಕ ಬೇರೆ. ಹೆಚ್ಚಿನ ಕಡೆ 12 ಮಿ.ಮೀ. ಸಾಕಿತ್ತು. ಅದರ ಮೇಲೆ 80 ಲೀಟರ್ ನೀರಿನ ಟ್ಯಾಂಕ್, ಫ್ರಿಜ್, ಅಡುಗೆ ಕಟ್ಟೆ ಎಲ್ಲ ಎಡಗಡೆಗೇ. ಸಮತಟ್ಟು ಜಾಗದಲ್ಲಿ ನೆಲದಿಂದ ಟೈರ್ ಮೇಲಿರೋ ಬಾಡಿ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿದು ನೋಡಿ. ನಮ್ಮದು ಎಡಕ್ಕೆ 22 ಮಿ.ಮೀ. ಕುಸಿದಿತ್ತು. ಚಾರ್ಮಾಡಿ ತಿರುವಿನಲ್ಲಿ ಅದು 22 ಮಿ.ಮೀ. ಅನ್ನಿಸಲ್ಲ.

ಸೀಟು. ಇದಕ್ಕೆ ಮಾತ್ರ ಕ್ಷಮೆ ಇಲ್ಲ. ಹಿಂದಿನ ಸೀಟನ್ನ ಬರೀ 12 ಮಿ.ಮೀ. ಪ್ಲೈವುಡ್ ನೆಲಕ್ಕೆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹಾಕಿ ಕೂರಿಸಿದ್ರು, ಬೆಲ್ಟು ಆ ಸೀಟಿಗೇ. ಕೈಯಲ್ಲಿ ಜಗ್ಗಿದ್ರೆ ಎದ್ದು ಬಂತು. 50 ಕಿ.ಮೀ. ವೇಗದಲ್ಲಿ ಡಿಕ್ಕಿ ಆಗಿ ಅರ್ಧ ಮೀಟರ್‌ನಲ್ಲಿ ಗಾಡಿ ನಿಂತ್ರೆ 25 ಕೆಜಿ ಮಗು ಬೆಲ್ಟನ್ನ ಹೆಚ್ಚುಕಡಿಮೆ ಅರ್ಧ ಟನ್ ಭಾರದಿಂದ ಎಳೆಯುತ್ತೆ. ಕಂಪನಿಯೋರು ಕೊಟ್ಟ ಸೀಟಿನ ಜಾಗದಲ್ಲೇ, 8.8 ಗ್ರೇಡಿನ ಗಟ್ಟಿ ಉಕ್ಕಿನ ಬೋಲ್ಟು ತಗಡಿನಾಚೆಗೆ ಇಳಿದು, ಕೆಳಗೆ ಉಕ್ಕಿನ ಪ್ಲೇಟ್ ಇರಬೇಕು. ಶೆಡ್‌ನವನ ಉತ್ತರ ಅಕ್ಷರ ಬಿಡದೆ ಬರೀತೀನಿ: "ಕೂತ್ಕೊಳ್ಳೋದು ಮಕ್ಕಳೇ ಅಲ್ವಾ ಸರ್, ಎಷ್ಟು ತೂಕ ಇರುತ್ತೆ."

ಮಕ್ಕಳೇ ಅಲ್ವಾ ಅಂತೆ.

5 ಕೆಜಿ ಗ್ಯಾಸ್ ಸಿಲಿಂಡರ್ ಇಟ್ಟಿದ್ದು ಮಂಚದ ಪೆಟ್ಟಿಗೆಯಲ್ಲಿ, ಪಕ್ಕದಲ್ಲೇ ಇನ್ವರ್ಟರ್. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ಕೂರುತ್ತೆ. ಅದಕ್ಕೆ ಬೇರೆಯೇ ಮುಚ್ಚಿದ ಡಬ್ಬ, ಡಬ್ಬದ ತಳದಿಂದ ಗಾಡಿ ಹೊರಗೆ ತೂತು ಇರಲೇಬೇಕು. "ಮನೇಲೂ ಸಿಲಿಂಡರ್ ಒಳಗೇ ಇರಲ್ವಾ ಸರ್?" ಮನೇಲಿ ಸಿಲಿಂಡರ್ ಮೇಲೆ ಯಾರೂ ಮಲಗಲ್ಲ ಸ್ವಾಮಿ.

ಇನ್ನು ಆರ್‌ಸಿ. "ಅದೆಲ್ಲ ನಮ್ಮ ಏಜೆಂಟ್ ನೋಡ್ಕೊಳ್ತಾನೆ" ಅಂತ 45,000 ಪ್ರತ್ಯೇಕವಾಗಿ ತಗೊಂಡ್ರು. ಆರ್‌ಸಿಯಲ್ಲಿ ಇವತ್ತಿಗೂ ಹಳೇ ಸೀಟ್ ಲೆಕ್ಕವೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಅದೇ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಅದು ಬೀಳೋದು ಓನರ್ ತಲೆಗೆ, ಅಂದ್ರೆ ನಿಮ್ಮ ತಲೆಗೆ. ಮೋಟಾರ್ ಕ್ಯಾರವಾನ್‌ಗೆ ಎಐಎಸ್ 124 ಅಂತ ಮಾನದಂಡ ಇದೆ, ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆಯಬೇಕು. ನಿಮ್ಮದೇ ಮಾಡೆಲ್ ಗಾಡಿಗೆ ಆ ಅನುಮೋದನೆ ಪತ್ರ ತೋರಿಸಿ ಅನ್ನಿ. ನಾನು ಕೇಳಿದಾಗ ಬಂದದ್ದು, "ಇದೆಲ್ಲ ಯಾರೂ ಕೇಳಲ್ಲ ಸರ್, ಕರ್ಟನ್ ಹಾಕ್ಕೊಂಡು ಆರಾಮಾಗಿ ಹೋಗಿ." ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಸರ್ವೇಯರ್ ಕರ್ಟನ್ ಸರಿಸೇ ನೋಡೋದು.

ದುಡ್ಡಿನ ವ್ಯವಹಾರ ಎಲ್ಲರಿಗೂ ಗೊತ್ತಿರೋದೇ. ಮೂರರಲ್ಲಿ ಒಂದು ಭಾಗ ಅಡ್ವಾನ್ಸ್, ಉಳಿದಿದ್ದು ಕೆಲಸ ನಡೆದ ಹಾಗೆ. ಇವರು ಪ್ಲೈವುಡ್ ಹೊಡೆದ ಮೇಲೆ ಒಂದು ಫೋಟೋ ಕಳಿಸಿ "ಫಿನಿಶಿಂಗ್ ಸ್ಟೇಜ್ ಸರ್" ಅಂತ ನೂರಕ್ಕೆ ತೊಂಬತ್ತು ಕಿತ್ತರು. ಫೋಟೋ ಚೆನ್ನಾಗಿತ್ತು. 45 ದಿನ ಐದು ತಿಂಗಳಾಯ್ತು. ಬಿಲ್ ಕೇಳಿದ್ರೆ ಜಿಎಸ್‌ಟಿ ಶೇ 18 ಬೇರೆ ಕೊಡಿ ಅಂದ್ರು. ನನ್ನ ಕೈಯಲ್ಲಿರೋದು ರಫ್ ಎಸ್ಟಿಮೇಟ್ ಚೀಟಿ, ಯಾರದೋ ಪರ್ಸನಲ್ ಖಾತೆಗೆ ಹೋದ ಯುಪಿಐ ದಾಖಲೆ, ವಾಟ್ಸಾಪ್ ಮಾತು. ಅದನ್ನೂ ಅಳಿಸದೇ ಇಟ್ಟಿದ್ದೇ ಪುಣ್ಯ. ಗ್ರಾಹಕರ ಸಹಾಯವಾಣಿ 1915, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡೋಕೆ ಎರಡು ವರ್ಷ ಟೈಮ್ ಇರುತ್ತೆ.

ಮಾಡಿಸಲೇಬೇಕು ಅಂತಿದ್ರೆ ಇಷ್ಟು ಮಾಡಿ. ವೈರಿಂಗ್, ಇನ್ಸುಲೇಶನ್, ಸೀಟ್ ಬೋಲ್ಟ್ ಮೂರನ್ನೂ ನೀವೇ ಹೋಗಿ ಕಣ್ಣಾರೆ ನೋಡಿ ಫೋಟೋ ತೆಗೆಯೋವರೆಗೂ ಪ್ಲೈವುಡ್ ಹೊಡೆಯೋಕೆ ಬಿಡಬೇಡಿ, ಎರಡನೇ ಕಂತು ಕೊಡಬೇಡಿ. ಬ್ಯಾಟರಿ, ಇನ್ವರ್ಟರ್, ಪ್ಯಾನೆಲ್ ನೀವೇ ಬಿಲ್ ಮಾಡಿಸಿ ತಂದು ಕೊಡಿ, ಅವರಿಗೆ ಕೂಲಿ ಮಾತ್ರ. ಕೆಲಸದ ಮುಂಚೆ ಒಂದು, ಆಮೇಲೆ ನೀರು ತುಂಬಿಸಿ ಒಂದು, ವೇಬ್ರಿಡ್ಜ್ ಚೀಟಿ ತಗೊಂಡು ಆರ್‌ಸಿಯಲ್ಲಿರೋ ಒಟ್ಟು ತೂಕದ ಜೊತೆ ಹೋಲಿಸಿ. ಸೀಲ್ ಒಡೆಯಬೇಡಿ ಅಂದ್ರೆ ಅಲ್ಲೇ ನಿಂತು ಒಡೆಸಿ. ನಾಚ್ಕೋಬೇಡಿ. ನಾನು ನಾಚ್ಕೊಂಡಿದ್ದಕ್ಕೇ ಇಷ್ಟಾಗಿದ್ದು.

ಲಾಯರ್ ನೋಟಿಸ್ ಹೋದ ಮೇಲೆ ಮೊನ್ನೆ ರಾತ್ರಿ ಶೆಡ್‌ನವನೇ ಫೋನ್ ಮಾಡಿದ್ದ. "ಸರ್, ಎಲ್ಲೂ ಬರೀಬೇಡಿ, ಹೊಸ ಬ್ಯಾಟರಿ ಕೊಡ್ತೀನಿ, 300 ಆಂಪಿಯರ್ ಅವರ್." ತಕ್ಕಡಿ ಮೇಲಿಟ್ಟು ಫೋಟೋ ಕಳಿಸಪ್ಪಾ ಅಂದೆ. ಇನ್ನೂ ಬಂದಿಲ್ಲ.