ಮೈಸೂರು ಸಿಲ್ಕ್ ಸೀರೆ: ಬೀರುವಿಂದ ಆಚೆ ತೆಗೆದು ಉಟ್ಟು ಓಡಾಡಿದ ಮೇಲೆ ಬರೀತಿರೋ ರಿವ್ಯೂ

ಕೆಎಸ್‌ಐಸಿ (ಕರ್ನಾಟಕ ಸರ್ಕಾರದ ರೇಷ್ಮೆ ನಿಗಮ) ಮೈಸೂರು ಸಿಲ್ಕ್ ರಿವ್ಯೂ ಅಂತ ನೋಡಿದ್ರೆ ಎಲ್ಲಾ ಕಡೆ ಬಣ್ಣ, ಅಂಚು, ರೇಟು ಇಷ್ಟೇ ಇರತ್ತೆ, ಉಟ್ಟು ಓಡಾಡಿದವ್ರು ಬರೆದಿದ್ದು ಕಮ್ಮಿ, ಯಾಕಂದ್ರೆ ನಾವು ಉಡೋದೇ ಕಮ್ಮಿ. ಮದುವೆಗೆ ಒಂದ್ಸಲ, ವರಮಹಾಲಕ್ಷ್ಮಿಗೆ ಒಂದ್ಸಲ, ಆಮೇಲೆ ವಾಪಸ್ ಬೀರುಗೆ. ನಾನು ಹೋದ ವರ್ಷದಿಂದ ಇರೋ ಸೀರೆಗಳನ್ನೆಲ್ಲಾ ಆಫೀಸಿಗೂ ಉಡ್ತಿದೀನಿ, ಬ್ಯಾಂಕಿಗೂ, ದೇವರಾಜ ಮಾರ್ಕೆಟ್ಟಿಗೆ ಹೂವು ತರೋಕೂ.

ಶುರುವಾಗಿದ್ದು ಯಾಕೆ ಅಂದ್ರೆ, ಎದೇಲಿ ಒಂದು ಗಂಟು ಕೈಗೆ ಸಿಕ್ತು. ಮ್ಯಾಮೋಗ್ರಾಮ್ ಆಯ್ತು, ಸ್ಕ್ಯಾನ್ ಆಯ್ತು, ಆಮೇಲೆ ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿಗೆ ಕಳ್ಸಿದ್ರು. ರಿಪೋರ್ಟ್ ಬರೋ ತನಕ ಏನ್ ಕೆಲಸ ಮಾಡೋಕೂ ಮನಸಿಲ್ಲ, ಒಂದು ಮಧ್ಯಾಹ್ನ ಬೀರು ತೆಗೆದು ಯಾವ ಸೀರೆ ಯಾರಿಗೆ ಅಂತ ಮನಸಲ್ಲೇ ಹಂಚೋಕೆ ಕೂತೆ. ಇದು ಅಕ್ಕನ ಮಗಳಿಗೆ, ಇದು ನಾದಿನಿಗೆ, ಇದು ಅತ್ತೆಗೆ ಬೇಡ ಅವ್ರು ಬೇಜಾರ್ ಮಾಡ್ಕೋತಾರೆ... ಹಾಗೆ ಹಂಚ್ತಾ ಇದ್ದಾಗ ಎಲೆಹಸಿರು ಸೀರೆ ಸಿಕ್ತು, ನನ್ನ ಸಂಬಳದಲ್ಲೇ ತಗೊಂಡಿದ್ದು, ಚೀಟಿ ಕಿತ್ತಿಲ್ಲ, ಫಾಲ್ಸ್ ಕೂಡ ಹಾಕ್ಸಿಲ್ಲ. ಅಳು ಬರ್ಲಿಲ್ಲ, ಸಿಟ್ಟು ಬಂತು. ಯಾವ ಒಳ್ಳೇ ದಿನಕ್ಕೆ ಅಂತ ಇಟ್ಟಿದ್ದು ಇದನ್ನ?

ರಿಪೋರ್ಟಲ್ಲಿ ಫೈಬ್ರೊಅಡಿನೋಮ ಅಂತ ಬಂತು, ಕ್ಯಾನ್ಸರ್ ಅಲ್ಲ. ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರಲ್ಲ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ರು, ಆದ್ರೆ ಆ ಹೊತ್ತಲ್ಲಿ ತಲೆಗೆ ಹೋಗಬೇಕಲ್ಲ. (ಸೀರೆ ರಿವ್ಯೂ ಆದ್ರೂ ಹೇಳ್ತೀನಿ, ಗಂಟು ಸಿಕ್ಕಿದ್ರೆ ಮುಚ್ಚಿಟ್ಕೋಬೇಡಿ, ಹೋಗಿ ತೋರ್ಸಿ.) ಮನೆಗೆ ಬಂದವಳೇ ಆ ಹಸಿರು ಸೀರೆನ ಫಾಲ್ಸಿಗೆ ಕೊಟ್ಟೆ.

ಈಗ ಸೀರೆ ವಿಷಯ. ಇದು ಕ್ರೇಪ್, ನೂಲಿಗೆ ಹುರಿ ಜಾಸ್ತಿ ಕೊಟ್ಟು ನೇಯ್ದಿರ್ತಾರೆ, ಅದಕ್ಕೇ ಮೈಗೆ ಹಾಗೇ ಒಗ್ಗತ್ತೆ, ಕಂಚಿ ಸೀರೆ ಥರ ಉಬ್ಬಿ ನಿಲ್ಲಲ್ಲ, ಬೆಳಗ್ಗೆ ಹಿಡಿದ ನೆರಿಗೆ ಸಂಜೆವರೆಗೂ ಇರತ್ತೆ, ಸ್ಕೂಟರ್ ಓಡಿಸೋಕೂ ತೊಂದರೆ ಇಲ್ಲ. ನಾನು ಇಡೀ ದಿನ ಕುರ್ಚೀಲಿ ಕೂತು ಎದ್ದು ಮಾಡೋಳು, ಹಿಂದೆ ಸುಕ್ಕು ಬಿದ್ರೂ ರಾತ್ರಿ ಹ್ಯಾಂಗರಿಗೆ ಹಾಕಿದ್ರೆ ಬೆಳಗ್ಗೆ ಹೊತ್ತಿಗೆ ಸುಮಾರಾಗಿ ಹೋಗಿರತ್ತೆ. ಹೂವಿನವಳು ಮೊದಮೊದಲು "ಏನಕ್ಕಾ, ಮದ್ವೆ ಮನೇನಾ?" ಅಂತಿದ್ಲು. ಇಲ್ಲಮ್ಮ ಸುಮ್ನೆ ಉಟ್ಕೊಂಡೆ ಅಂದ್ರೆ ನಂಬ್ತಾನೇ ಇರ್ಲಿಲ್ಲ, ಈಗ ಕೇಳಲ್ಲ.

ಜರೀಲಿ 65% ಬೆಳ್ಳಿ, 0.65% ಚಿನ್ನ ಇರತ್ತೆ. ಬೆಳ್ಳಿ ಇರೋದ್ರಿಂದನೇ ಕಪ್ಪಾಗೋ ಭಯ. ಸೆಂಟು ಮೈಗೆ ಹಾಕ್ಕೊಂಡು ಒಣಗಿದ ಮೇಲೆ ಸೀರೆ ಉಡಿ, ಜರಿ ಮೇಲೆ ಹೊಡೀಬೇಡಿ. ನುಸಿಗುಳಿಗೆ ಸೀರೆಗೆ ತಾಗೋ ಹಾಗೆ ಇಡಬೇಡಿ, ಪ್ಲಾಸ್ಟಿಕ್ ಕವರಲ್ಲಿ ಅಂತೂ ಇಡಲೇಬೇಡಿ, ಹಳೇ ಕಾಟನ್ ಪಂಚೇಲಿ ಸುತ್ತಿಟ್ರೆ ಸಾಕು, ಆಗಾಗ ಮಡಿಕೆ ಬದಲಾಯ್ಸಿ. ನನ್ನ ಹತ್ರ ಬೇರೆ ಅಂಗಡೀದು ಒಂದು ರೇಷ್ಮೆ ಸೀರೆ ಇತ್ತು, ವರ್ಷಗಟ್ಟಲೆ ಒಂದೇ ಮಡಿಕೇಲಿ ಇದ್ದು, ಬಿಚ್ಚಿದ್ರೆ ಮಡಿಕೆ ಉದ್ದಕ್ಕೂ ಸೀಳ್ಕೊಂಡು ಬಂತು. ಉಟ್ಟು ಹಾಳಾಗಿದ್ದಲ್ಲ, ಇಟ್ಟು ಹಾಳಾಗಿದ್ದು.

ಕಷ್ಟನೂ ಇದೆ. ನೀರು ಬಿದ್ರೆ ಕಲೆ ಕಾಣತ್ತೆ, ಮಳೆಗಾಲದಲ್ಲಿ ನಾನು ಉಡಲ್ಲ. ಭುಜದ ಹತ್ರ ಪಿನ್ ಹಾಕಿ ಹಾಕಿ ಒಂದರಲ್ಲಿ ತೂತು ಕಾಣ್ತಿದೆ, ಈಗ ಪಿನ್ ಕೆಳಗೆ ಚಿಕ್ಕ ಬಟ್ಟೆ ಚೂರು ಇಡ್ತೀನಿ. ಆಫೀಸಲ್ಲಿ ಊಟ ಮಾಡುವಾಗ ಸಾಂಬಾರ್ ಎಣ್ಣೆ ಹನಿ ಬಿತ್ತು ಒಂದ್ಸಲ, ತಕ್ಷಣ ಟಾಲ್ಕಮ್ ಪೌಡರ್ ಉದುರಿಸಿ ಬಿಟ್ಟೆ, ಎಣ್ಣೆ ಹೀರ್ಕೊಳ್ತು, ಉಳಿದಿದ್ದು ಡ್ರೈವಾಶಲ್ಲಿ ಹೋಯ್ತು. ಮೊದಲಾಗಿದ್ರೆ ಆ ಹನಿಗೆ ವಾರ ಕೊರಗ್ತಿದ್ದೆ, ಈಗ ಪೌಡರ್ ಹಾಕಿ ಊಟ ಮುಂದುವರ್ಸಿದೆ, ಅನ್ನ ಬಿಸಿ ಇತ್ತು.

ಇನ್ನೊಂದು ಬದಲಾವಣೆ ಅಂದ್ರೆ ಹೊಸ ಸೀರೆ ಹುಚ್ಚು ಇಳಿದುಹೋಗಿದೆ. ಡಿಸ್ಕೌಂಟ್ ಮೆಸೇಜ್ ಬಂದ್ರೆ ನೋಡಿ ಸುಮ್ನಾಗ್ತೀನಿ. ಶೋಕೇಸಲ್ಲಿದ್ದ ಡಿನ್ನರ್ ಸೆಟ್ಟೂ ಈಗ ದಿನದ ಊಟಕ್ಕೆ ಬಂದಿದೆ, ಎರಡು ತಟ್ಟೆ ಒಡೆದೂ ಹೋಯ್ತು, ಹೋಗ್ಲಿ ಬಿಡಿ. ಸೀರೆ ಮೇಲಿನ ಪ್ರೀತಿ ಮಾತ್ರ ಜಾಸ್ತಿನೇ ಆಗಿದೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆ ಇದು, ಅಲ್ಲಿ ನೇಯೋರು ಉಡಲಿ ಅಂತ ನೇಯ್ತಾರೆ, ಬೀಗ ಹಾಕಿಡಲಿ ಅಂತಲ್ಲ.

ತಗೊಳ್ಳೋರಿಗೆ: ಮೈಸೂರು ಸಿಲ್ಕ್ ಅಂತ ಹೆಸರು ಹೇಳಿ ಮಾರೋರು ಬಹಳ ಜನ ಇದಾರೆ, ಹೊಲೋಗ್ರಾಮ್ ಮತ್ತೆ ಆ ಸೀರೆದೇ ಕೋಡ್ ನಂಬರ್ ಇದೆಯಾ ನೋಡ್ಕೊಳ್ಳಿ. ಮೈಸೂರಿಗೆ ಬಂದ್ರೆ ಮಾನಂದವಾಡಿ ರಸ್ತೆ ಕಾರ್ಖಾನೆ ಹತ್ರಾನೇ ಶೋರೂಮ್ ಇದೆ. ದಿನಾ ಉಡೋಕೆ ಅಂದ್ರೆ ದೊಡ್ಡ ಅಂಚಿಂದು ಬೇಡ, ಸಣ್ಣ ಅಂಚು ಹಗುರ, ರೇಟೂ ಕಮ್ಮಿ. ಈಗಾಗ್ಲೇ ಮನೇಲಿ ಇದ್ರೆ ಹೊಸದು ಯಾಕೆ, ಅದನ್ನೇ ತೆಗೆದು ಪಾಲಿಶಿಗೆ ಕೊಟ್ಟು ಈ ವಾರನೇ ಉಡಿ.